ಮುಖ ಕಾಣದ ಗೆಳೆಯನನ್ನು ನೆನೆಯುವ ಬಗೆ

ಮಧುಗಿರಿಯಿಂದ ಸಿರಾ ಕಡೆಗೆ ಹೋಗುವ ಬಸ್ಸು ಬಡವನಹಳ್ಳಿಯಲ್ಲಿ ನಿಂತಾಗ ಕಿಟಕಿಯಿಂದ ಮೊದಲು ಕಣ್ಣಿಗೆ ಬೀಳುವುದು ಫ್ಲೆಕ್ಸುಗಳು. ಹುಟ್ಟುಹಬ್ಬದ್ದೊಂದು, ಜಾತ್ರೆಯದೊಂದು, ಅವುಗಳ ನಡುವೆ 'ಭಾವಪೂರ್ಣ ಶ್ರದ್ಧಾಂಜಲಿ'ಯದೊಂದು. ಸತ್ತವರ ಪಾಸ್‌ಪೋರ್ಟ್ ಅಳತೆಯ ಫೋಟೊವನ್ನು ಹತ್ತಡಿಗೆ ಹಿಗ್ಗಿಸಿ, ಹಿಂದೆ ಮೋಡಗಳನ್ನು ಕೂರಿಸಿ, ಕೆಳಗೆ 'ನಿಮ್ಮ ಅಗಲಿಕೆ ತುಂಬಲಾರದ ನಷ್ಟ' ಎಂದು ಬರೆದಿರುತ್ತಾರೆ. ಅದರ ಕೆಳಗೆ ಶ್ರದ್ಧಾಂಜಲಿ ಅರ್ಪಿಸಿದವರ ಫೋಟೊಗಳು, ಸತ್ತವರಿಗಿಂತ ಹೆಚ್ಚು ನಗುಮುಖದಲ್ಲಿ. ಇದನ್ನು ಗೇಲಿ ಮಾಡುವುದು ಸುಲಭ. ಆದರೆ ನಮ್ಮ ಪತ್ರಿಕೆಗಳಲ್ಲಿ, ಸಂಸ್ಮರಣ ಗ್ರಂಥಗಳಲ್ಲಿ ನಾವು ಬರೆಯುವ ನುಡಿನಮನಗಳು ಈ ಫ್ಲೆಕ್ಸಿಗಿಂತ ಎಷ್ಟು ಬೇರೆ? ಎಲ್ಲರೂ ಅಜಾತಶತ್ರುಗಳು, ಎಲ್ಲರೂ ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳು. ಓದಿ ಮುಗಿಸಿದ ಮೇಲೆ ತೀರಿಕೊಂಡವರು ಯಾರೆಂದು ತಿಳಿಯಲು ಮತ್ತೆ ತಲೆಬರಹ ನೋಡಬೇಕು.

ಈ ಮಾತು ತೆಗೆಯಲು ಕಾರಣ ನನ್ನ ತಂಗಿಯ ಮಗ. ಕಳೆದ ವರ್ಷ ಮಳೆಗಾಲದಲ್ಲಿ ನಾನು ಬಡವನಹಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದೆ. ರಾತ್ರಿ ಊಟಕ್ಕೆ ಕರೆದರೆ ಹುಡುಗ ಬರಲಿಲ್ಲ. ಹೋಗಿ ನೋಡಿದರೆ ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದ. "ಏನಾಯ್ತೋ?" ಎಂದೆ. "ಕಾಕಾ ಹೋಗ್ಬಿಟ್ರು ಮಾಮು" ಎಂದ. ನಮ್ಮಲ್ಲಿ ಯಾರೂ ಯಾರನ್ನೂ ಕಾಕಾ ಎನ್ನುವುದಿಲ್ಲ. ಅದು ಹುಬ್ಬಳ್ಳಿ-ಧಾರವಾಡದ ಕಡೆಯ ಕರೆ. ಯಾವ ಕಾಕಾ ಎಂದು ಕೇಳಿದಾಗ ತಿಳಿದದ್ದು ಇಷ್ಟು: ಆತ ಹುಬ್ಬಳ್ಳಿಯವರು, ನಿವೃತ್ತರು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹತ್ತು-ಹನ್ನೆರಡು ಜನರ ಒಂದು ಗುಂಪಿನ ಹಿರಿಯರು. ನಾಲ್ಕು ವರ್ಷ ವಾರಕ್ಕೆ ಎರಡು ರಾತ್ರಿ ಇವನ ಕಿವಿಯಲ್ಲಿ ಮಾತಾಡಿದವರು. ಇವನು ಅವರ ಮುಖ ನೋಡಿಲ್ಲ. ಅವರನ್ನು ಕರೆಯುತ್ತಿದ್ದುದು ಕಾಲ್‌ಸೈನ್‌ನಿಂದ, ಇಲ್ಲವೇ ಕಾಕಾ ಎಂದು.

ಹಜಾರದಲ್ಲಿ ಕೂತಿದ್ದ ನಮ್ಮ ಅಮ್ಮಿ, ಅಂದರೆ ಅವನ ನಾನಿ, ಸಾವಿನ ಮನೆಯ ಸುದ್ದಿಗೆ ಕೇಳಬೇಕಾದ ಪ್ರಶ್ನೆಗಳನ್ನೇ ಕೇಳಿದಳು. ಎಷ್ಟು ವಯಸ್ಸು? ಏನಾಗಿತ್ತು? ಮಕ್ಕಳೆಷ್ಟು? ಕೊನೆಗೆ, ನಮ್ಮವರಾ? ಹುಡುಗನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. "ಕೇಳಲೇ ಇಲ್ಲ ನಾನಿ" ಎಂದ. ಅವನ ಅಬ್ಬಾ ಸ್ವಲ್ಪ ಸಿಟ್ಟಿನಿಂದಲೇ, "ಹೆಸರು ಗೊತ್ತಿಲ್ಲದವನಿಗೆ ಊಟ ಬಿಡ್ತಾರೇನೋ?" ಎಂದರು. ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಹೆಸರು, ಊರು, ಮನೆತನ, ಮಜಹಬ್ ಇವು ಗೊತ್ತಿಲ್ಲದ ಮೇಲೆ ಒಬ್ಬರ ಸಾವು ನಮಗೆ ಸಾವೇ? ಆಗುವುದಾದರೆ ಅದನ್ನು ಹೇಳಿಕೊಳ್ಳಲು ನಮ್ಮಲ್ಲಿ ಮಾತಿದೆಯೇ?

ಈ ಆಟದ ಬಗ್ಗೆ ಎರಡು ಮಾತು ಹೇಳಬೇಕು; ಆಟ ಎಂದರೆ ಹುಡುಗ ಒಪ್ಪುವುದಿಲ್ಲ. ನೆಲದ ಮೇಲೆ ಕೂತು ಹಾರಲು ಕಲಿಯುವ ಯಂತ್ರವನ್ನು ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ತಯಾರಿಸಿದ. ಎರಡನೆಯ ಮಹಾಯುದ್ಧದ ಅಸಂಖ್ಯಾತ ಪೈಲಟ್‌ಗಳು ಅದರಲ್ಲಿ ಕಲಿತರು. ಅದೇ ಕಲ್ಪನೆಯನ್ನು ಮನೆಯ ಕಂಪ್ಯೂಟರಿಗೆ ತಂದವನು ಬ್ರೂಸ್ ಆರ್ಟ್‌ವಿಕ್, 1979ರ ಸುಮಾರಿಗೆ. 1982ರಿಂದ ಮೈಕ್ರೋಸಾಫ್ಟ್ ಅದನ್ನು ತನ್ನ ಹೆಸರಿನಲ್ಲಿ ಹೊರತಂದಿತು. ಇದರಲ್ಲಿ ಗೆಲುವಿಲ್ಲ, ಶತ್ರುವಿಲ್ಲ, ಅಂಕಗಳಿಲ್ಲ. ಹತ್ತಬೇಕು, ಹಾರಬೇಕು, ಇಳಿಯಬೇಕು ಅಷ್ಟೆ. 2001ರಲ್ಲಿ ಶುರುವಾದ ವ್ಯಾಟ್‌ಸಿಮ್ ಎಂಬ ಜಾಲದಲ್ಲಿ ಒಬ್ಬರು ಪೈಲಟ್ ಆದರೆ ಇನ್ನೊಬ್ಬರು ನಿಯಂತ್ರಣ ಗೋಪುರದಲ್ಲಿ ಕೂರುತ್ತಾರೆ. ಯಾರಿಗೂ ಸಂಬಳವಿಲ್ಲ, ಆದರೂ ಶಿಸ್ತು ನಿಜವಾದ ವಿಮಾನ ನಿಲ್ದಾಣದ್ದೇ. ನಮ್ಮ ಹುಡುಗನ ಗುಂಪು ಅದರ ಹೊರಗಿನದು, ಚಿಕ್ಕದು, ಬಡದು. ಹಳೆಯ ಕಂಪ್ಯೂಟರುಗಳಲ್ಲಿ 2006ರ ಆವೃತ್ತಿಯನ್ನೇ ಇನ್ನೂ ಹಾರಿಸುವವರು.

ಆ ಹಳೆಯ ಆವೃತ್ತಿಯಲ್ಲಿ ಒಂದು ವಿಚಿತ್ರವಿದೆ. ದೇವನಹಳ್ಳಿ ವಿಮಾನ ನಿಲ್ದಾಣದ ಕಟ್ಟಡ ಕೆಲಸ ಶುರುವಾದದ್ದು 2005ರಲ್ಲಿ, ವಿಮಾನಗಳು ಇಳಿಯತೊಡಗಿದ್ದು 2008ರ ಮೇ ತಿಂಗಳಲ್ಲಿ. ಆದ್ದರಿಂದ ಅವರ ಬೆಂಗಳೂರಿನಲ್ಲಿ ದೇವನಹಳ್ಳಿ ಇಲ್ಲ. ಎಲ್ಲರೂ ಇಂದಿಗೂ ಹಳೆಯ ಎಚ್‌ಎಎಲ್ ನಿಲ್ದಾಣಕ್ಕೇ ಇಳಿಯುತ್ತಾರೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಭೂಪಟದ ಮೇಲೆ ನೇರ ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಸಿರಾದ ಮೇಲೆಯೇ ಹಾಯುತ್ತದೆ. ಕಾಕಾ ಹುಬ್ಬಳ್ಳಿಯಿಂದ ಹೊರಟು ಸಿರಾದ ಮೇಲೆ ಬಂದಾಗ, "ನಿಮ್ಮ ಊರು ಎಡಕ್ಕ ಅದ ಏನೋ ತಮ್ಮಾ?" ಎಂದು ಕೇಳುತ್ತಿದ್ದರಂತೆ. ಏಕಶಿಲೆಯೆಂದು ನಾವು ಹೆಮ್ಮೆಪಡುವ ಮಧುಗಿರಿ ಬೆಟ್ಟ ಅದರಲ್ಲಿ ಒಂದು ಹಸಿರು ದಿಬ್ಬ. ಬಡವನಹಳ್ಳಿ ಇಲ್ಲವೇ ಇಲ್ಲ. ಆದರೂ ಕಾಕಾ ಪ್ರತಿ ಸಲ ಕೇಳುತ್ತಿದ್ದರು, ಇವನು ಪ್ರತಿ ಸಲ "ಹ್ಞೂಂ ಕಾಕಾ, ಕಾಣ್ತಾ ಇದೆ" ಎನ್ನುತ್ತಿದ್ದ.

ಆ ರಾತ್ರಿಯ ಬಳಿಕ ನಾನು 'ಇಬೆಲಿನ್' ಎಂಬ ನಾರ್ವೆಯ ಸಾಕ್ಷ್ಯಚಿತ್ರವನ್ನು ಹುಡುಕಿ ನೋಡಿದೆ. ಇಂಗ್ಲಿಷಿನಲ್ಲಿ ಅದರ ಹೆಸರು 'ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್'. ನಿರ್ದೇಶಕ ಬೆಂಜಮಿನ್ ರೀ. 2024ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದು, ಅದೇ ಅಕ್ಟೋಬರಿನಲ್ಲಿ ನೆಟ್‌ಫ್ಲಿಕ್ಸಿಗೆ ಬಂತು. ಅದು ವಿಮಾನದ ಆಟದ್ದಲ್ಲ, 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಕಾಲ್ಪನಿಕ ಲೋಕದ ಆಟದ್ದು. ಆದರೆ ಬಡವನಹಳ್ಳಿಯ ಆ ಹಜಾರದಲ್ಲಿ ಎದ್ದ ಪ್ರಶ್ನೆಯೇ ಅದರಲ್ಲೂ ಇದೆ.

ಮಾಟ್ಸ್ ಸ್ಟೀನ್ ಎಂಬ ಯುವಕನಿಗೆ ಡುಶೇನ್ ಎಂಬ ಸ್ನಾಯುಕ್ಷಯ ರೋಗ. ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಉಸಿರಾಟ, ಹೀಗೆ ಒಂದೊಂದೇ ಸೋಲುವ ಕಾಯಿಲೆ. 2014ರ ನವೆಂಬರಿನಲ್ಲಿ 25ನೆಯ ವಯಸ್ಸಿಗೆ ತೀರಿಕೊಂಡ. ಕೋಣೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಆಡುತ್ತಿದ್ದ ಮಗ ಗೆಳೆತನ, ಪ್ರೀತಿ ಏನನ್ನೂ ಕಾಣದೆ ಹೋದನಲ್ಲ ಎಂಬುದು ತಂದೆ ರಾಬರ್ಟ್, ತಾಯಿ ಟ್ರೂಡೆ ಇಬ್ಬರ ಕೊರಗು. ಮಗ ಬಿಟ್ಟುಹೋಗಿದ್ದ ಪಾಸ್‌ವರ್ಡ್ ಬಳಸಿ, ಅವನು ಬರೆಯುತ್ತಿದ್ದ ಜಾಗದಲ್ಲಿ ತಂದೆ ಸಾವಿನ ಸುದ್ದಿ ಹಾಕಿ ತಮ್ಮ ಇಮೇಲ್ ವಿಳಾಸ ಕೊಟ್ಟರು. ಹಲವು ದೇಶಗಳಿಂದ ಪತ್ರಗಳು ಬರತೊಡಗಿದವು. ಯಾರೂ ಮಾಟ್ಸ್‌ನನ್ನು ನೋಡಿದವರಲ್ಲ. ಇಬೆಲಿನ್ ಎಂಬ ಹೆಸರಿನ, ಗಟ್ಟಿಮುಟ್ಟಾದ, ದಿನವೂ ಆಟ ಶುರುಮಾಡುವ ಮೊದಲು ಅರ್ಧ ಗಂಟೆ ಓಡುವ ಒಬ್ಬ ಆಟಗಾರನನ್ನು ಬಲ್ಲವರು. ಓಡಲಾಗದವನು ಅಲ್ಲಿ ಮೊದಲು ಮಾಡುತ್ತಿದ್ದ ಕೆಲಸ ಓಟ! ಅಂತ್ಯಕ್ರಿಯೆಗೆ ಕೆಲವರು ಬೇರೆ ದೇಶಗಳಿಂದ ಬಂದರು. ಶವಪೆಟ್ಟಿಗೆಯ ಮೇಲೆ ಅವರ ಆಟದ ಗುಂಪಿನ ಬಾವುಟವಿತ್ತು.

ಚಿತ್ರದ ಮೊದಲ ಭಾಗ ತಂದೆ-ತಾಯಿ ತೆಗೆದ ಮನೆಯ ವಿಡಿಯೊಗಳು: ಮಗು ನಡೆಯುವುದು, ಬೀಳುವುದು, ಗಾಲಿಕುರ್ಚಿ. ಅಲ್ಲಿಗೆ ಒಂದು ಜೀವನ ಮುಗಿಯಿತು ಎನ್ನಿಸಿದಾಗ ಚಿತ್ರ ಹಿಂದಕ್ಕೆ ತಿರುಗಿ ಅದೇ ವರ್ಷಗಳನ್ನು ಆಟದೊಳಗಿನಿಂದ ಹೇಳುತ್ತದೆ. ಗುಂಪಿನವರು ತಮ್ಮ ಮಾತುಕತೆಯನ್ನೆಲ್ಲ ದಾಖಲಿಸಿಟ್ಟಿದ್ದರು. ಸುಮಾರು 42 ಸಾವಿರ ಪುಟಗಳಾಗುವಷ್ಟು. ಆ ಪುಟಗಳ ಆಧಾರದಿಂದ ಆಟದ ಚಿತ್ರಗಳಲ್ಲೇ ಇಬೆಲಿನ್‌ನ ಬದುಕನ್ನು ಮತ್ತೆ ಕಟ್ಟಿದ್ದಾರೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ದೊಡ್ಡ ದೃಶ್ಯಗಳಲ್ಲ. ನೆದರ್ಲೆಂಡಿನ ಒಬ್ಬ ಹುಡುಗಿಯ ಕಂಪ್ಯೂಟರನ್ನು ಮನೆಯವರು ಕಿತ್ತಿಟ್ಟಾಗ ಮಾಟ್ಸ್ ಅವಳ ತಂದೆತಾಯಿಗೆ ಪತ್ರ ಬರೆಯುತ್ತಾನೆ. ಡೆನ್ಮಾರ್ಕಿನ ಒಬ್ಬ ತಾಯಿಗೆ ತನ್ನ ಆಟಿಸಂ ಇರುವ ಮಗನ ಜೊತೆ ಹೇಗೆ ಹತ್ತಿರವಾಗಬೇಕೆಂದು ತಿಳಿಯುತ್ತಿಲ್ಲ. ಆಟದೊಳಗೆ ಸೇರಿ ಎಂದು ಇವನು ದಾರಿ ಹೇಳುತ್ತಾನೆ. ಇಂಥ ಸಣ್ಣ ಸಂಗತಿಗಳಲ್ಲಿ ಸತ್ತವನು ಎದ್ದು ಕೂರುತ್ತಾನೆ.

ಇನ್ನೊಂದು ಮೆಚ್ಚಬೇಕಾದದ್ದು, ಚಿತ್ರ ಅವನನ್ನು ಸಂತನನ್ನಾಗಿ ಮಾಡುವುದಿಲ್ಲ. ಕಾಯಿಲೆಯನ್ನು ವರ್ಷಗಟ್ಟಲೆ ಮುಚ್ಚಿಟ್ಟದ್ದು, ಯಾರಾದರೂ ಹತ್ತಿರ ಬಂದರೆ ಸಿಡುಕಿ ದೂರ ತಳ್ಳಿದ್ದು, ಗುಂಪಿನವರ ಮನಸ್ಸು ನೋಯಿಸಿದ್ದು ಎಲ್ಲವೂ ಇದೆ. ನಮ್ಮ ಸಂಸ್ಮರಣ ಗ್ರಂಥಗಳಲ್ಲಿ ಇಂಥ ಒಂದು ಪುಟವಿದ್ದರೆ ಸಂಪಾದಕರೇ ಕಿತ್ತುಹಾಕುತ್ತಾರೆ.

ಆದರೆ ನನ್ನ ತಕರಾರುಗಳೂ ಇವೆ. ಚಿತ್ರ ಪದೇ ಪದೇ ಹೋಗಿ ನಿಲ್ಲುವುದು, ಅಯ್ಯೋ ವ್ಯರ್ಥವಾಯಿತು ಎಂದುಕೊಂಡಿದ್ದ ಬದುಕು ವ್ಯರ್ಥವಲ್ಲ ಎಂದು ತಂದೆತಾಯಿಗೆ ತಿಳಿಯುವ ಕಡೆಗೆ. ಆ ಇಮೇಲುಗಳು ಬಾರದೇ ಇದ್ದಿದ್ದರೆ? ಗುಂಪಿನ ಯಾರೊಬ್ಬರೂ ಬರೆಯದೇ ಇದ್ದಿದ್ದರೆ ಮಾಟ್ಸ್‌ನ ಬದುಕು ಅಷ್ಟೇ ಬೆಲೆಯದಾಗಿರುತ್ತಿರಲಿಲ್ಲವೇ? ಗಾಲಿಕುರ್ಚಿಯ ಮೇಲಿನ ಬದುಕಿಗೆ ಹೊರಗಿನ ಸಾಕ್ಷಿಗಳು ಬಂದು ಅರ್ಹತಾಪತ್ರ ಕೊಡಬೇಕು ಎಂಬ ಧ್ವನಿ ಚಿತ್ರದ ಉದ್ದೇಶವಲ್ಲದಿರಬಹುದು, ಆದರೆ ಕೇಳಿಸುತ್ತದೆ. ಹಿನ್ನೆಲೆ ಸಂಗೀತವೂ ಹಾಗೆಯೇ; ಎಲ್ಲಿ ಅಳಬೇಕೆಂದು ಮೊದಲೇ ತಿಳಿಸಿಬಿಡುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮದ್ದು. ಆ 42 ಸಾವಿರ ಪುಟಗಳಲ್ಲಿ ಮಾಟ್ಸ್ ಆಡಿದ ಮಾತು ಆಯಾ ರಾತ್ರಿಯಲ್ಲಿ, ಆಯಾ ಗೆಳೆಯರಿಗೆ ಆಡಿದ್ದು. ನಾನು ತುಮಕೂರು ಜಿಲ್ಲೆಯ ಒಂದು ಹಜಾರದಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುತ್ತೇನೆಂದು ಅವನು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ತಂದೆತಾಯಿ ಒಪ್ಪಿದ್ದಾರೆ, ಗೆಳೆಯರು ಒಪ್ಪಿದ್ದಾರೆ. ಸತ್ತವನನ್ನು ಕೇಳಿದವರಾರು? ಇನ್ನೊಬ್ಬರ ಕುಂದನ್ನು ಮುಚ್ಚುವುದು ನಮ್ಮಲ್ಲಿ ಪುಣ್ಯದ ಕೆಲಸ; ಸತ್ತವರನ್ನು ಹಳಿಯಬೇಡಿ, ಅವರು ತಾವು ಮುಂದೆ ಕಳುಹಿಸಿದ್ದನ್ನು ತಲುಪಿದ್ದಾರೆ ಎಂಬುದು ಬುಖಾರಿಯಲ್ಲಿರುವ ಪ್ರವಾದಿ ವಚನ. ಹಾಗಾದರೆ ಸಂತನಾಗಿಸದೆ ನೆನೆಯುವುದಕ್ಕೂ ಕುಂದನ್ನು ಬಯಲು ಮಾಡದಿರುವುದಕ್ಕೂ ನಡುವೆ ಗೆರೆ ಎಲ್ಲಿ? ಹಿಂದಿನ ಪ್ಯಾರಾದಲ್ಲಿ ನಾನೇ ಚಿತ್ರವನ್ನು ಯಾವುದಕ್ಕಾಗಿ ಹೊಗಳಿದೆನೋ ಅದನ್ನೇ ಇಲ್ಲಿ ಪ್ರಶ್ನಿಸುತ್ತಿದ್ದೇನೆ ಎಂಬುದು ನನಗೂ ಗೊತ್ತಿದೆ. ಹಳಿಯುವುದು ಬೇರೆ, ಇದ್ದಂತೆ ಹೇಳುವುದು ಬೇರೆ ಎಂಬಷ್ಟರ ಮಟ್ಟಿಗೆ ಸಮಾಧಾನ ಮಾಡಿಕೊಂಡಿದ್ದೇನೆ.

ಇನ್ನು ಮುಖ ನೋಡದ ಗೆಳೆತನ. ಇದು ಕಂಪ್ಯೂಟರಿನಿಂದ ಬಂದ ಕೇಡು ಎನ್ನುವವರು ನಮ್ಮಲ್ಲಿ ಬಹಳ. ಪತ್ರಮಿತ್ರರ ಕಾಲ ಅವರಿಗೆ ಮರೆತಿರಬೇಕು. ಗಾಲಿಬ್ ಉರ್ದುವಿನಲ್ಲಿ ಬರೆದ ಪತ್ರಗಳ ಹೆಚ್ಚುಗಾರಿಕೆಯೇ ಅದು: ದೂರದಲ್ಲಿರುವವನ ಜೊತೆ ಎದುರು ಕೂತು ಮಾತಾಡಿದಂತೆ ಬರೆದದ್ದು, ಪತ್ರವನ್ನೇ ಸಂಭಾಷಣೆಯಾಗಿಸಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಹ್ಯಾಮ್ ರೇಡಿಯೊದವರು ತಮ್ಮಲ್ಲಿ ಒಬ್ಬರು ತೀರಿಕೊಂಡರೆ 'ಸೈಲೆಂಟ್ ಕೀ' ಎನ್ನುತ್ತಾರೆ. ತಂತಿ ಕುಟ್ಟುವ ಕೀಲಿ ಮೌನವಾಯಿತು ಎಂದು ಅರ್ಥ. ಮುಖ ಗೊತ್ತಿಲ್ಲದಿದ್ದರೂ ಕುಟ್ಟುವ ಲಯದಿಂದಲೇ ಇಂಥವರೆಂದು ಗುರುತಿಸುತ್ತಿದ್ದ ಜನ ಅವರು.

ಸಿರಾ, ಮಧುಗಿರಿ ಸೀಮೆಯವರಿಗಂತೂ ನೋಡದವರಿಗಾಗಿ ದುಃಖಿಸುವುದನ್ನು ಹೊಸದಾಗಿ ಕಲಿಸಬೇಕಿಲ್ಲ. ಬಾಬಯ್ಯನ ಹಬ್ಬ ಎಂದು ಹಿಂದೂಗಳೂ ಮುಸ್ಲಿಮರೂ ಸೇರಿ ಮಾಡುವ ಮೊಹರಂನಲ್ಲಿ ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಮಡಿದವರಿಗಾಗಿ ನಮ್ಮ ಹಳ್ಳಿಗರು ಕಣ್ಣೀರು ಹಾಕಿದ್ದಾರೆ. ಹಸನ್, ಹುಸೇನರ ಊರು ಯಾವ ದಿಕ್ಕಿಗಿದೆಯೆಂದು ಗೊತ್ತಿಲ್ಲದವರೂ ಅತ್ತಿದ್ದಾರೆ. ಅದನ್ನು ಒಪ್ಪದವರು ನಮ್ಮಲ್ಲೇ ಇದ್ದಾರೆ, ಆ ಚರ್ಚೆ ಇಲ್ಲಿ ಬೇಡ.

ನನಗೆ ನೆನಪಾದದ್ದು ಅಬಿಸೀನಿಯಾದ ದೊರೆ ನಜ್ಜಾಶಿ. ಮಕ್ಕಾದಲ್ಲಿ ಕಿರುಕುಳ ತಾಳಲಾರದೆ ಹೋದ ಮುಸ್ಲಿಮರಿಗೆ ಆಶ್ರಯ ಕೊಟ್ಟವನು. ಪ್ರವಾದಿಯವರೂ ಅವನೂ ಮುಖಾಮುಖಿ ಆದವರಲ್ಲ, ನಡುವೆ ಕಡಲಿತ್ತು. ಅವನ ಸಾವಿನ ಸುದ್ದಿಯನ್ನು ಪ್ರವಾದಿಯವರು ಮದೀನಾದಲ್ಲಿ ಸಂಗಡಿಗರಿಗೆ ತಿಳಿಸಿ, ಅವರನ್ನು ಸಾಲಾಗಿ ನಿಲ್ಲಿಸಿ, ನಾಲ್ಕು ತಕ್ಬೀರ್ ಹೇಳಿ ಜನಾಜಾ ನಮಾಜ್ ಮಾಡಿದರು. ಎದುರಿಗೆ ಶವವಿರಲಿಲ್ಲ. ಇದರ ಆಧಾರದ ಮೇಲೆ ಕರಾವಳಿಯ ಶಾಫಿಗಳಲ್ಲಿ ಗೈರುಹಾಜರಿಯ ಜನಾಜಾ ನಮಾಜ್ ಇದೆ. ನಮ್ಮ ಕಡೆಯ ಹನಫಿಗಳು ಅದು ನಜ್ಜಾಶಿಗಷ್ಟೇ ಸಂದ ವಿಶೇಷ ಎನ್ನುತ್ತಾರೆ. ಫಿಕ್ಹ್‌ನ ತೀರ್ಮಾನ ಉಲಮಾಗಳದು. ನಾನು ಗಮನಿಸುವುದು ಇಷ್ಟೇ: ಮುಖ ನೋಡದವನ ಸಾವಿಗೆ ಸಾಲುಗಟ್ಟಿ ನಿಂತ ಘಟನೆ ನಮ್ಮ ನೆನಪಿನ ಬುಡದಲ್ಲೇ ಇದೆ.

ಹುಡುಗನ ಗುಂಪಿನವರೂ ಸಾಲುಗಟ್ಟಿದರು. ಮುಂದಿನ ಶನಿವಾರ ರಾತ್ರಿ ಒಂಬತ್ತು ಜನ ಹುಬ್ಬಳ್ಳಿಯಲ್ಲಿ ಸೇರಿ, ಒಬ್ಬರ ಹಿಂದೆ ಒಬ್ಬರು ಹತ್ತಿ, ಬೆಂಗಳೂರಿನ ಹಳೆಯ ನಿಲ್ದಾಣಕ್ಕೆ ಹಾರಿದರು. ಎರಡನೆಯ ಜಾಗ ಖಾಲಿ ಬಿಟ್ಟಿದ್ದರು. ವಾಯುಪಡೆಗಳಲ್ಲಿ ಸತ್ತ ಪೈಲಟ್‌ಗೆ ಹೀಗೆ ವಿಮಾನಗಳ ಸಾಲಿನಲ್ಲಿ ಒಂದು ಜಾಗ ಬರಿದು ಬಿಟ್ಟು ಹಾರುವ ಪದ್ಧತಿಯಿದೆ, ಅದರ ಅನುಕರಣೆ. ನಾನು ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ನಿಜ ಹೇಳಬೇಕೆಂದರೆ ಮೊದಲು ಸಂಕೋಚವಾಯಿತು. ಯಲಹಂಕದಲ್ಲಿ 2019ರ ಫೆಬ್ರವರಿ 19ರಂದು ತಾಲೀಮಿನ ವೇಳೆ ಸೂರ್ಯಕಿರಣ ತಂಡದ ಎರಡು ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಸತ್ತರು. ಅಂಥವರಿಗೆ ಸಲ್ಲುವ ಗೌರವವನ್ನು ಕುರ್ಚಿಯ ಮೇಲೆ ಕೂತು ಹಾರಿದವರಿಗೆ ಸಲ್ಲಿಸುವುದು ಅತಿಯಲ್ಲವೇ ಎನ್ನಿಸಿತು. ಸಿರಾ ಹತ್ತಿರವಾದಾಗ ಆ ಸಂಕೋಚ ಹೋಯಿತು. ಅಲ್ಲಿ ಯಾರೂ ಮಾತಾಡಲಿಲ್ಲ. ಹುಡುಗ ಮಾತ್ರ ಮೈಕಿನಲ್ಲಿ, "ಎಡಗಡೆ ನಮ್ಮೂರು" ಎಂದ.

ಇಳಿಯುವಾಗ ಅವನು ಒಂದು ಸಲ ತಪ್ಪಿದ. ನೆಲ ಮುಟ್ಟುವ ಮೊದಲೇ ಮತ್ತೆ ಮೇಲಕ್ಕೆತ್ತಿ ಸುತ್ತು ಹಾಕಿ ಬಂದು ಇಳಿಸಿದ. ಇದು ಕಾಕಾ ಕಲಿಸಿದ್ದು. "ಇಳಸೂ ಮುಂದ ಅವಸರ ಮಾಡಬ್ಯಾಡ. ಸರಿ ಅನಸಲಿಲ್ಲಂದ್ರ ತಿರುಗಿ ಮ್ಯಾಲೆ ಹೋಗು, ನಾಚಿಕಿ ಏನೂ ಇಲ್ಲ" ಎನ್ನುತ್ತಿದ್ದರಂತೆ. ಮಂಗಳೂರಿನ ಗುಡ್ಡದ ಮೇಲಿನ ರನ್‌ವೇಯಲ್ಲಿ ಇದನ್ನು ಹತ್ತಾರು ಸಲ ಮಾಡಿಸಿದ್ದರು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತದ್ದನ್ನು ನಮ್ಮ ಓದುಗರಿಗೆ ನೆನಪಿಸಬೇಕಿಲ್ಲ. ಕರಾವಳಿಯಲ್ಲಿ, ಕಾಸರಗೋಡಿನಲ್ಲಿ ಎಷ್ಟೋ ಮನೆಗಳಿಗೆ ಆ ದಿನ ಬಂದದ್ದು ಕಫನ್. ಬದುಕಿದವರು ಎಂಟೇ ಜನ. ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರೂ ಕೇಳಲಿಲ್ಲ ಎಂದು ತನಿಖಾ ವರದಿ ದಾಖಲಿಸಿದೆ. ಕಾಕಾ ಆ ಮಾತನ್ನು ಹುಡುಗರಿಗೆ ಹೇಳುತ್ತಿದ್ದರಂತೆ, ಪ್ರತಿ ಸಲ ತಗ್ಗಿದ ದನಿಯಲ್ಲಿ. ಒಂಬತ್ತನೆಯ ಶತಮಾನದಲ್ಲಿ ಕಾರ್ಡೋಬಾದಲ್ಲಿ ರೆಕ್ಕೆ ಕಟ್ಟಿಕೊಂಡು ಹಾರಿದ ಅಬ್ಬಾಸ್ ಇಬ್ನ್ ಫಿರ್ನಾಸ್‌ನಿಗೂ ಪೆಟ್ಟಾದದ್ದು ಇಳಿಯುವಾಗಲೇ. ಹಕ್ಕಿ ಬಾಲದ ಬಲದಿಂದ ಇಳಿಯುತ್ತದೆಂಬುದನ್ನು ಅವನು ಲೆಕ್ಕಕ್ಕಿಟ್ಟಿರಲಿಲ್ಲ ಎಂದು ಇತಿಹಾಸಕಾರ ಅಲ್ ಮಕ್ಕರಿ ಬರೆಯುತ್ತಾನೆ.

ಆಮೇಲೆ ಗುಂಪಿನವರು ಕಾಕಾನ ಬಗ್ಗೆ ಒಬ್ಬೊಬ್ಬರೂ ನಾಲ್ಕು ಸಾಲು ಬರೆದದ್ದನ್ನು ಹುಡುಗ ತೋರಿಸಿದ. ಅರ್ಧಕ್ಕೆ ಹೆಚ್ಚು ಬಡವನಹಳ್ಳಿ ಸರ್ಕಲ್ಲಿನ ಫ್ಲೆಕ್ಸೇ, ಇಂಗ್ಲಿಷಿನಲ್ಲಿ: ನೀಲಿ ಆಕಾಶ, ಅನುಕೂಲ ಗಾಳಿ, ಕೊನೆಯ ಪಯಣ. ಹಾರುವವರಿಗೂ ಅವರದೇ ಸವಕಲು ನಾಣ್ಯಗಳಿವೆ. ಎರಡು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿದವು. ಒಬ್ಬರು ಬರೆದದ್ದು, ಕಾಕಾ ಎಲ್ಲರಿಗೂ ಚೆಕ್‌ಲಿಸ್ಟ್ ಓದಿಸಿ ತಾವು ಮಾತ್ರ ಚಕ್ರ ಮೇಲೆತ್ತುವುದನ್ನು ಮರೆತು ಚಿತ್ರದುರ್ಗದವರೆಗೆ ಹಾಗೇ ಹಾರುತ್ತಿದ್ದರು ಎಂದು. ಇನ್ನೊಬ್ಬರು, ಕಾಕಾನ ಮೈಕಿನಲ್ಲಿ ಸದಾ ಕುಕ್ಕರಿನ ಸೀಟಿ ಕೇಳುತ್ತಿತ್ತು, ಕಳೆದ ಎರಡು ವರ್ಷದಿಂದ ಕೇಳುತ್ತಿರಲಿಲ್ಲ, ಯಾಕೆಂದು ನಾವು ಯಾರೂ ಕೇಳಲಿಲ್ಲ ಎಂದು. ಈ ಎರಡನೆಯದನ್ನು ಓದಿ ಅಮ್ಮಿಗೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಒಬ್ಬರೇ ಇದ್ದರು ಅನ್ನಿಸುತ್ತೆ" ಎಂದಳು. ಇಶಾ ಆದಮೇಲೆ ಅವಳ ದುಆದ ಉದ್ದ ಪಟ್ಟಿಯಲ್ಲಿ ಅಪ್ಪ, ಅಜ್ಜಿ, ಸಿರಾದ ನೆಂಟರ ನಂತರ 'ನಮ್ಮ ಹುಡುಗನ ಕಾಕಾ' ಎಂಬುದೂ ಕೇಳಿಸಿತು.

ಹುಡುಗ ತನ್ನದನ್ನು ಕನ್ನಡದಲ್ಲಿ ಬರೆದಿದ್ದ. ಕಾಕಾ ಅವನ ಜೊತೆ ಮಾತಾಡಿದ್ದು ಕನ್ನಡದಲ್ಲೇ ಅಲ್ಲವೇ. "ತಿದ್ದಿ ಕೊಡಿ ಮಾಮು" ಎಂದು ಹಾಳೆ ಕೊಟ್ಟ. ಒತ್ತಕ್ಷರ ತಪ್ಪಿದ್ದ ಕಡೆಗಳನ್ನು ಸರಿ ಮಾಡಿದೆ. ಕೊನೆಯ ಸಾಲಿನಲ್ಲಿ 'ತುಂಬಲಾರದ ನಷ್ಟ' ಎಂದಿತ್ತು. ಅದನ್ನು ಹೊಡೆದುಹಾಕಿ, ಸಿರಾದ ಮೇಲೆ ಬಂದಾಗ ಅವರು ಏನು ಕೇಳುತ್ತಿದ್ದರೋ ಅದನ್ನು ಬರೆ ಎಂದು ಹಾಳೆ ವಾಪಸು ಕೊಟ್ಟೆ.